ದ್ವಿತ್ವವು ಎಲ್ಲಿರುತ್ತದೆ? ವೈಶೇಷಿಕರ ಸಂಖ್ಯಾವಿಚಾರವೂ ಫ್ರೇಗೆಯ ಸಂಖ್ಯಾಸಿದ್ಧಾಂತವೂ

ಮೇಜಿನ ಮೇಲೆ ಎರಡು ಪುಸ್ತಕಗಳಿವೆ ಎಂದು ಹೇಳುತ್ತೇವೆ. ಅವುಗಳ ರಟ್ಟಿನ ಕೆಂಪು ಬಣ್ಣವು ರಟ್ಟಿನಲ್ಲಿದೆ; ಅವುಗಳ ಭಾರವು ಅವುಗಳಲ್ಲಿಯೇ ಇದೆ. 'ಎರಡು' ಎಂಬುದು ಮಾತ್ರ ಎಲ್ಲಿದೆ? ಮೊದಲನೆಯ ಪುಸ್ತಕದಲ್ಲಿದೆ ಎನ್ನೋಣವೆಂದರೆ ಅದು ಒಂದೇ. ಇನ್ನೊಂದರಲ್ಲಿ ಎನ್ನೋಣವೆಂದರೆ ಅದೂ ಒಂದೇ. ಅವೆರಡರ ನಡುವಿನ ಬರಿಯ ಜಾಗದಲ್ಲಿದೆಯೆಂದು ಯಾರೂ ಹೇಳಲಾರರು. ನೋಡುವವನ ಮನಸ್ಸಿನಲ್ಲಿದೆಯೆಂದರೆ, ಅವನು ಕೊಠಡಿಯಿಂದ ಹೊರಟುಹೋದ ಮೇಲೆ ಆ ಪುಸ್ತಕಗಳು ಎರಡಲ್ಲದೆ ಹೋಗುತ್ತವೆಯೆ? ತರ್ಕಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದಾಗಲೆಲ್ಲ ವಿದ್ಯಾರ್ಥಿಗಳು ಮೊದಲು ನಗುವುದನ್ನೂ, ಸ್ವಲ್ಪ ಹೊತ್ತಿನ ಮೇಲೆ ನಗುವುದನ್ನು ನಿಲ್ಲಿಸುವುದನ್ನೂ ನಾವು ಕಂಡಿದ್ದೇವೆ.

ಸಂಖ್ಯೆಯೇ ಮೊದಲಾದ ಅಮೂರ್ತ ಪದಾರ್ಥಗಳಿಗೆ ಅಸ್ತಿತ್ವವುಂಟೆ, ಉಂಟಾದರೆ ಅದು ಯಾವ ಬಗೆಯದು ಎಂಬ ವಿಚಾರವು ಪಾಶ್ಚಾತ್ಯರಲ್ಲಿ ಪ್ಲೇಟೋವಿನ ಕಾಲದಿಂದ ನಡೆದುಬಂದಿದೆ. ಗಣಿತದ ತತ್ತ್ವಶಾಸ್ತ್ರವೆಂದು ಇಂದು ನಾವು ಪಾಠ ಹೇಳುವ ಭಾಗವು ಬಹುಮಟ್ಟಿಗೆ ೧೯ನೆಯ ಶತಮಾನದ ಉತ್ತರಾರ್ಧದ ಜರ್ಮನಿಯಿಂದ ಆರಂಭವಾಗುತ್ತದೆ. ಆದರೆ ಇದೇ ಪ್ರಶ್ನೆಯನ್ನು, ಇದೇ ಹಟದಿಂದ, ವೈಶೇಷಿಕರೂ ನೈಯಾಯಿಕರೂ ಸಾವಿರ ವರ್ಷಕ್ಕೂ ಮಿಕ್ಕ ಕಾಲ ಚರ್ಚಿಸಿದರೆಂಬ ಸಂಗತಿಯು ಪಠ್ಯಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ೧೯೫೧ರಲ್ಲಿ ಹಾರ್ವರ್ಡಿನ ಡೇನಿಯಲ್ ಇಂಗಾಲ್ಸ್ ಅವರು ನವ್ಯನ್ಯಾಯವನ್ನು ಕುರಿತ ತಮ್ಮ ಗ್ರಂಥದಲ್ಲಿ ನವ್ಯರ ಸಂಖ್ಯಾವಿಚಾರಕ್ಕೂ ಫ್ರೇಗೆಯ ಸಂಖ್ಯಾಲಕ್ಷಣಕ್ಕೂ ಇರುವ ಸಾಮ್ಯವನ್ನು ತೋರಿಸಿದ ಮೇಲೆ ಸ್ಥಿತಿಯು ಸ್ವಲ್ಪ ಬದಲಾಯಿತು. ಜೊತೆಗೆ ಒಂದು ಹೊಸ ತೊಂದರೆಯೂ ಬಂದಿತು. ಫ್ರೇಗೆ ಹೇಳಿದ್ದನ್ನು ನಮ್ಮವರು ಮೊದಲೇ ಹೇಳಿದ್ದರೆಂಬ ಮಾತು ಸಭೆಗಳಲ್ಲಿ ಕೇಳಿಬರತೊಡಗಿತು. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವೈಶೇಷಿಕರ ಪದಾರ್ಥವ್ಯವಸ್ಥೆಯು ವಾಚಕರಿಗೆ ಪರಿಚಿತವಾದುದೇ. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರು. ಅಭಾವವು ಸೇರಿ ಮುಂದೆ ಏಳಾದವು. ಕಣಾದರ ಸೂತ್ರಗಳಲ್ಲಿ ಗುಣಗಳು ೧೭. ಸುಮಾರು ೬ನೆಯ ಶತಮಾನದ ಪ್ರಶಸ್ತಪಾದರು 'ಪದಾರ್ಥಧರ್ಮಸಂಗ್ರಹ'ದಲ್ಲಿ ಏಳನ್ನು ಕೂಡಿಸಿ ೨೪ ಎಂದು ಸ್ಥಾಪಿಸಿದರು. ರೂಪ, ರಸ, ಗಂಧ, ಸ್ಪರ್ಶಗಳ ಸಾಲಿನಲ್ಲಿಯೇ, ಅವುಗಳ ಬೆನ್ನಿಗೇ, ಸಂಖ್ಯೆಯೂ ಒಂದು ಗುಣವೆಂದು ಗಣಿತವಾಗಿದೆ. ಇದರ ಅರ್ಥವನ್ನು ಚೆನ್ನಾಗಿ ಗಮನಿಸಬೇಕು. ಪ್ಲೇಟೋವಿನ ಮತದಂತೆ ಸಂಖ್ಯೆಯು ಇಂದ್ರಿಯಗಳಿಗೆ ನಿಲುಕದ ಬೇರೊಂದು ಲೋಕದ ವಸ್ತು. ವೈಶೇಷಿಕರಿಗೆ ಅದು ಈ ಮಡಕೆಯಲ್ಲಿ ಈ ಮಡಕೆಯ ಬಣ್ಣದಂತೆ ಸಮವಾಯಸಂಬಂಧದಿಂದ ನೆಲಸಿರುವ ಗುಣ. ಕಣ್ಣಿಗೂ ಸ್ಪರ್ಶಕ್ಕೂ ಎರಡಕ್ಕೂ ಗೋಚರವಾಗತಕ್ಕದ್ದು. ಕತ್ತಲೆಯಲ್ಲಿ ಕೈಯಿಂದ ತಡವಿ 'ಎರಡು ಮಡಕೆಗಳಿವೆ' ಎನ್ನುವವನು ಊಹಿಸುತ್ತಿಲ್ಲ, ಪ್ರತ್ಯಕ್ಷವಾಗಿಯೇ ತಿಳಿಯುತ್ತಿದ್ದಾನೆ.

ಏಕತ್ವದ ವಿಷಯದಲ್ಲಿ ತೊಡಕಿಲ್ಲ. ನಿತ್ಯದ್ರವ್ಯಗಳಲ್ಲಿ ಅದು ನಿತ್ಯ, ಅನಿತ್ಯದ್ರವ್ಯಗಳಲ್ಲಿ ಅನಿತ್ಯ. ಮಡಕೆ ಒಡೆದರೆ ಅದರ ಏಕತ್ವವೂ ಅದರ ಬಣ್ಣದಂತೆಯೇ ನಾಶವಾಗುತ್ತದೆ. ಆದರೆ ದ್ವಿತ್ವದಿಂದ ಪರಾರ್ಧದವರೆಗಿನ ಸಂಖ್ಯೆಗಳು ಹಾಗಲ್ಲ. ಅವು ಅನೇಕದ್ರವ್ಯಗಳಲ್ಲಿ ಒಟ್ಟಾಗಿ ನೆಲಸಬೇಕು. ಯಾವ ಅನೇಕ ಎಂಬುದನ್ನು ನಿರ್ಧರಿಸುವವರಾರು? ಈ ಮಡಕೆಯನ್ನು ಪಕ್ಕದ ಮಡಕೆಯೊಡನೆ ಸೇರಿಸಿದರೆ ಎರಡು, ಹಿತ್ತಿಲಿನದನ್ನೂ ಸೇರಿಸಿದರೆ ಮೂರು. ಇದಕ್ಕೆ ಪ್ರಶಸ್ತಪಾದರು ಕೊಟ್ಟ ಉತ್ತರವೇ 'ಅಪೇಕ್ಷಾಬುದ್ಧಿ'. ಕನ್ನಡದಲ್ಲಿ ಅಪೇಕ್ಷೆಯೆಂದರೆ ಬಯಕೆ ಎಂಬ ಅರ್ಥವು ರೂಢವಾಗಿರುವುದರಿಂದ ಇಲ್ಲಿ ಎಚ್ಚರಿಕೆ ಬೇಕು: ಒಂದನ್ನು ಇನ್ನೊಂದಕ್ಕೆ ಸಂಬಂಧಪಡಿಸಿ 'ಇದೊಂದು, ಇದೊಂದು' ಎಂದು ಕೂಡಿ ಗ್ರಹಿಸುವ ಜ್ಞಾನವು ಅಪೇಕ್ಷಾಬುದ್ಧಿ. ಈ ಬುದ್ಧಿಯು ಹುಟ್ಟಿದಾಗ ದ್ವಿತ್ವವು ವಸ್ತುಗಳಲ್ಲಿ ಹುಟ್ಟುತ್ತದೆ. ಇದು ಅಳಿದಾಗ ಅಳಿಯುತ್ತದೆ.

ಈ ಉತ್ಪತ್ತಿಯ ಪ್ರಕ್ರಿಯೆಯನ್ನು ವೈಶೇಷಿಕರು ಕ್ಷಣಕ್ಷಣವಾಗಿ ಬಿಡಿಸಿರುವರು. ೧೪ನೆಯ ಶತಮಾನದಲ್ಲಿ ವಿಜಯನಗರದ ಪರಿಸರದಲ್ಲಿ ಹುಟ್ಟಿದ 'ಸರ್ವದರ್ಶನಸಂಗ್ರಹ'ವು ಔಲೂಕ್ಯದರ್ಶನದ ಪ್ರಕರಣದಲ್ಲಿ ಬಹುಪಾಲು ಇದನ್ನೇ ವಿವರಿಸಲು ತೊಡಗುತ್ತದೆ. ಮೊದಲು ಇಂದ್ರಿಯಸನ್ನಿಕರ್ಷ, ಆಮೇಲೆ ಏಕತ್ವದ ಸಾಮಾನ್ಯದ ಜ್ಞಾನ, ಅನಂತರ ಅಪೇಕ್ಷಾಬುದ್ಧಿ, ಅದರಿಂದ ದ್ವಿತ್ವದ ಉತ್ಪತ್ತಿ, ಬಳಿಕ ದ್ವಿತ್ವತ್ವವೆಂಬ ಜಾತಿಯ ಜ್ಞಾನ, ದ್ವಿತ್ವಗುಣದ ಜ್ಞಾನ, 'ಎರಡು ದ್ರವ್ಯಗಳು' ಎಂಬ ಜ್ಞಾನ, ಕೊನೆಗೆ ಸಂಸ್ಕಾರ. ಒಟ್ಟು ಎಂಟು ಹಂತಗಳು. ಒಂದು ಜ್ಞಾನವು ಹುಟ್ಟಿ ಹಿಂದಿನ ಜ್ಞಾನವನ್ನು ನಾಶಗೊಳಿಸುತ್ತದೆಯೆಂಬ ನಿಯಮವಿರುವುದರಿಂದ, ಅಪೇಕ್ಷಾಬುದ್ಧಿಯು ಬೇಗನೆ ಅಳಿದರೆ ದ್ವಿತ್ವವನ್ನು ನೋಡುವ ಮೊದಲೇ ದ್ವಿತ್ವವಿಲ್ಲದಂತಾಗುವುದು. ಅದಕ್ಕಾಗಿ ಉಳಿದ ಜ್ಞಾನಗಳಿಗೆ ಎರಡು ಕ್ಷಣಗಳ ಬಾಳುವೆಯಾದರೆ ಅಪೇಕ್ಷಾಬುದ್ಧಿಗೆ ಮಾತ್ರ ಮೂರು ಕ್ಷಣಗಳೆಂದು ಮುಂದಿನವರು ಒಪ್ಪಬೇಕಾಯಿತು. ದ್ವಿತ್ವ, ಪಾಕಜೋತ್ಪತ್ತಿ, ವಿಭಾಗಜ ವಿಭಾಗ ಈ ಮೂರರಲ್ಲಿ ಯಾರ ಬುದ್ಧಿ ಎಡವುವುದಿಲ್ಲವೋ ಅವನೇ ವೈಶೇಷಿಕನೆಂಬ ಪ್ರಸಿದ್ಧಿಯು ಸುಮ್ಮನೆ ಹುಟ್ಟಿದುದಲ್ಲ. ಆಧುನಿಕ ಓದುಗನಿಗೆ ಇದೆಲ್ಲ ಕೂದಲು ಸೀಳುವ ಕೆಲಸವಾಗಿ ತೋರುವುದು ಸಹಜ. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಈ ಕ್ಷಣಗಣನೆಯ ಹಿಂದೆ ಇರುವ ಹಟವು ಬೆಲೆಯುಳ್ಳದ್ದು: ಸಂಖ್ಯೆಯನ್ನು ಬರಿಯ ಕಲ್ಪನೆಯೆಂದು ಬಿಟ್ಟುಬಿಡಲು ಇವರು ಒಪ್ಪಲಿಲ್ಲ, ಎಣಿಸುವವನಿಲ್ಲದೆ ಅದು ಇರುತ್ತದೆಯೆಂದೂ ಒಪ್ಪಲಿಲ್ಲ. ಎರಡೂ ಬೇಡವೆಂದವನು ಲೆಕ್ಕವನ್ನು ಹೀಗೆ ಬಿಡಿಬಿಡಿಯಾಗಿ ಒಪ್ಪಿಸಲೇಬೇಕು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ದೀಪವು ಕತ್ತಲೆಯಲ್ಲಿದ್ದ ಮಡಕೆಯನ್ನು ತೋರಿಸುವಂತೆ, ಮೊದಲೇ ಇದ್ದ ದ್ವಿತ್ವವನ್ನು ಅಪೇಕ್ಷಾಬುದ್ಧಿಯು ತೋರಿಸುತ್ತದೆ ಎಂದೇಕೆ ಹೇಳಬಾರದು? 'ಸರ್ವದರ್ಶನಸಂಗ್ರಹ'ವು ಈ ಪಕ್ಷವನ್ನು ಎತ್ತಿಕೊಂಡು, ಅಪೇಕ್ಷಾಬುದ್ಧಿಯು ದ್ವಿತ್ವಕ್ಕೆ ವ್ಯಂಜಕವಲ್ಲ, ಉತ್ಪಾದಕವೇ ಎಂದು ವೈಶೇಷಿಕರ ಪರವಾಗಿ ವಾದಿಸುತ್ತದೆ. ಶಬ್ದಕ್ಕೆ ಸಂಯೋಗವು ಹೇಗೋ ಹಾಗೆ. ಕೋಲು ಭೇರಿಗೆ ತಗಲುವುದರಿಂದ ಶಬ್ದವು ಹುಟ್ಟುತ್ತದೆಯೇ ಹೊರತು ಭೇರಿಯಲ್ಲಿ ಅಡಗಿದ್ದ ಶಬ್ದವು ಹೊರಬೀಳುವುದಿಲ್ಲ. ಹೋಲಿಕೆಯು ಸುಂದರವಾದುದು, ಅಪಾಯಕರವಾದುದೂ ಹೌದು. ನಾನು ಎಣಿಸಿದಾಗ ಒಂದು ದ್ವಿತ್ವ, ನೀವು ಎಣಿಸಿದಾಗ ಇನ್ನೊಂದು ದ್ವಿತ್ವ ಎಂದಾಗುತ್ತದೆ. ಯಾರ ಅಪೇಕ್ಷಾಬುದ್ಧಿಯಿಂದ ಹುಟ್ಟಿತೋ ಅವನಿಗೇ ಅದು ಗೋಚರವೆಂದು ಹೇಳಿದ ವ್ಯಾಖ್ಯಾನಕಾರರೂ ಉಂಟು. ಈ ಅಂಶವನ್ನು ಮುಂದೆ ಫ್ರೇಗೆಯ ಪ್ರಸಂಗದಲ್ಲಿ ಮತ್ತೆ ಎತ್ತಿಕೊಳ್ಳುತ್ತೇವೆ.

ಸಂಖ್ಯೆಯು ಎಣಿಸುವವನ ಬುದ್ಧಿಯನ್ನು ಅವಲಂಬಿಸಿದೆಯೆಂಬ ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆಯು ಬಂದದ್ದು ಪರಮಾಣುವಾದದಲ್ಲಿ. ಎರಡು ಪರಮಾಣುಗಳು ಸೇರಿ ದ್ವ್ಯಣುಕ. ಮೂರು ದ್ವ್ಯಣುಕಗಳು ಸೇರಿ ತ್ರ್ಯಣುಕ. ಕಿಟಕಿಯಿಂದ ಬಂದ ಬಿಸಿಲುಕೋಲಿನಲ್ಲಿ ಹಾರಾಡುವ ಧೂಳಿನ ಕಣವೇ ತ್ರ್ಯಣುಕವೆಂದು ಸಂಪ್ರದಾಯ. ದ್ವ್ಯಣುಕದ ಪರಿಮಾಣವು ಎಲ್ಲಿಂದ ಬಂತು? ಪರಮಾಣುಗಳ ಪರಿಮಾಣದಿಂದ ಎನ್ನುವಂತಿಲ್ಲ. ಪರಿಮಾಣವು ತನ್ನ ಜಾತಿಯದೇ ಆದ ಇನ್ನೂ ಉತ್ಕೃಷ್ಟವಾದ ಪರಿಮಾಣವನ್ನು ಹುಟ್ಟಿಸುತ್ತದೆ. ದೊಡ್ಡವು ಕೂಡಿ ಇನ್ನೂ ದೊಡ್ಡದು. ಹಾಗಾದರೆ ಅಣುಗಳು ಕೂಡಿ ಇನ್ನೂ ಅಣುವಾದದ್ದು ಹುಟ್ಟಬೇಕಾಗುತ್ತದೆ! ಆದುದರಿಂದ ಪಾರಿಮಾಂಡಲ್ಯವೆಂಬ ಪರಮಾಣುಪರಿಮಾಣವು ಯಾವುದಕ್ಕೂ ಕಾರಣವಲ್ಲವೆಂದೂ, ಪರಮಾಣುಗಳಲ್ಲಿರುವ ದ್ವಿತ್ವಸಂಖ್ಯೆಯೇ ದ್ವ್ಯಣುಕದ ಪರಿಮಾಣಕ್ಕೆ ಕಾರಣವೆಂದೂ, ದ್ವ್ಯಣುಕಗಳ ಬಹುತ್ವಸಂಖ್ಯೆಯೇ ತ್ರ್ಯಣುಕದ ಮಹತ್ತ್ವಕ್ಕೆ ಕಾರಣವೆಂದೂ ವೈಶೇಷಿಕರು ನಿರ್ಣಯಿಸಿದರು. ಸಂಖ್ಯೆಯು ಇಲ್ಲಿ ಲೆಕ್ಕದ ಪುಸ್ತಕದಿಂದ ಹೊರಗೆ ಬಂದು ಜಗತ್ತನ್ನು ಕಟ್ಟುವ ಕೆಲಸಕ್ಕೆ ತೊಡಗಿದೆ. ಅಮೂರ್ತವಸ್ತುಗಳು ಯಾವ ಕಾರ್ಯವನ್ನೂ ಮಾಡಲಾರವೆಂಬುದು ಇಂದಿನ ಪಾಶ್ಚಾತ್ಯ ಚರ್ಚೆಯಲ್ಲಿ ಬಹುಮಂದಿ ವಿವಾದವಿಲ್ಲದೆ ಒಪ್ಪುವ ಮಾತು. ವೈಶೇಷಿಕರು ಅದನ್ನು ಒಪ್ಪುತ್ತಿರಲಿಲ್ಲ. ಅಥವಾ ಸಂಖ್ಯೆಯನ್ನು ಆ ಅರ್ಥದಲ್ಲಿ ಅಮೂರ್ತವೆಂದೇ ಕರೆಯುತ್ತಿರಲಿಲ್ಲ.

ಆದರೆ ಪರಮಾಣುಗಳನ್ನು ಎಣಿಸುವವರಾರು? ಅವು ನಮ್ಮ ಇಂದ್ರಿಯಗಳಿಗೆ ಸಿಕ್ಕುವುದಿಲ್ಲ. ಸೃಷ್ಟಿಯ ಆರಂಭದಲ್ಲಿ ದ್ವ್ಯಣುಕಗಳು ಹುಟ್ಟುವಾಗ ಶರೀರವುಳ್ಳ ಯಾವ ಜೀವನೂ ಇರಲಿಲ್ಲ. ಅಪೇಕ್ಷಾಬುದ್ಧಿಯಿಲ್ಲದೆ ದ್ವಿತ್ವವಿಲ್ಲ, ದ್ವಿತ್ವವಿಲ್ಲದೆ ಜಗತ್ತಿಲ್ಲ. ಪ್ರಶಸ್ತಪಾದರೇ ಈಶ್ವರನ ಬುದ್ಧಿಯನ್ನು ಇಲ್ಲಿ ಸೂಚಿಸಿರುವರು. ಉದಯನಾಚಾರ್ಯರು 'ನ್ಯಾಯಕುಸುಮಾಂಜಲಿ'ಯ ಐದನೆಯ ಸ್ತಬಕದಲ್ಲಿ ಈಶ್ವರಸಾಧಕವಾದ ಹೇತುಗಳನ್ನು ಹೇಳುವಾಗ ಸಂಖ್ಯೆಯನ್ನೂ ಒಂದು ಹೇತುವನ್ನಾಗಿ ನಿಲ್ಲಿಸಿದರು: ಪರಮಾಣುಗಳಲ್ಲಿ ದ್ವಿತ್ವವು ಹುಟ್ಟಿರುವುದರಿಂದ, ಅವುಗಳನ್ನು ಎಣಿಸಿದ ಬುದ್ಧಿಯೊಂದು ಇರಲೇಬೇಕು. ದೇವರು ಜಗತ್ತನ್ನು ನಿರ್ಮಿಸಿದನೆಂದು ಎಷ್ಟೋ ಮತಗಳು ಹೇಳಿವೆ. ಎಣಿಸಿದನೆಂಬ ಕಾರಣಕ್ಕಾಗಿ ದೇವರು ಇದ್ದಾನೆಂಬ ವಾದವು ಅಪರೂಪವಾದುದು. ಯೂರೋಪಿನಲ್ಲಿ ಲೈಬ್ನಿಟ್ಸನು ನಿತ್ಯಸತ್ಯಗಳಿಗೆ ದೇವರ ಬುದ್ಧಿಯಲ್ಲಿ ನೆಲೆಯನ್ನು ಕೊಟ್ಟನು. ಎರಡನ್ನೂ ಒಂದೆಂದು ಭ್ರಮಿಸಬಾರದು. ಲೈಬ್ನಿಟ್ಸನಲ್ಲಿ ಸಂಖ್ಯೆಯ ಸತ್ಯಗಳು ದೇವರ ಬುದ್ಧಿಯೊಳಗೆ ಇರುತ್ತವೆ. ಉದಯನರಲ್ಲಿ ದೇವರ ಬುದ್ಧಿಯಿಂದ ಸಂಖ್ಯೆಯು ಪರಮಾಣುಗಳೊಳಗೆ ಹುಟ್ಟುತ್ತದೆ.

ಹೊರಗಿನ ಪರೀಕ್ಷೆ ಹೀಗಾದರೆ ಒಳಗಿನ ತೊಡಕು ಇನ್ನೂ ಹತ್ತಿರದಲ್ಲಿಯೇ ಇದ್ದಿತು. ಗುಣವು ದ್ರವ್ಯದಲ್ಲಿ ಮಾತ್ರ ಇರುತ್ತದೆ, ಗುಣದಲ್ಲಿ ಗುಣವಿರುವುದಿಲ್ಲ ಎಂಬುದು ವೈಶೇಷಿಕರ ಮೂಲನಿಯಮ. ಸಂಖ್ಯೆಯು ಗುಣವಾದರೆ ಅದು ದ್ರವ್ಯಗಳಲ್ಲಿ ಮಾತ್ರ ಇರಬೇಕು. ಆದರೆ ಗುಣಗಳು ಇಪ್ಪತ್ತನಾಲ್ಕು, ಪದಾರ್ಥಗಳು ಆರು ಎಂದು ಎಣಿಸಿ ಹೇಳಿದವರು ಇವರೇ ಅಲ್ಲವೆ? ತಮ್ಮ ಶಾಸ್ತ್ರದ ಮೊದಲ ಮಾತನ್ನೇ ತಮ್ಮ ಶಾಸ್ತ್ರದ ನಿಯಮದಂತೆ ಇವರು ಹೇಳುವ ಹಾಗಿಲ್ಲ. ಬೌದ್ಧರು ಇದನ್ನು ಬಿಡಲಿಲ್ಲ. ೮ನೆಯ ಶತಮಾನದ ಶಾಂತರಕ್ಷಿತರು 'ತತ್ತ್ವಸಂಗ್ರಹ'ದ ಗುಣಪದಾರ್ಥಪರೀಕ್ಷೆಯಲ್ಲಿ ಸಂಖ್ಯೆಯೆಂಬ ಬೇರೆ ಗುಣವೇ ಇಲ್ಲವೆಂದು ಖಂಡಿಸುತ್ತಾರೆ. ಗುಣಗಳಲ್ಲಿ ಸಂಖ್ಯೆಯಿಲ್ಲದೆಯೇ 'ಒಂದು, ಎರಡು' ಎಂಬ ಜ್ಞಾನವು ಹುಟ್ಟುವುದಾದರೆ ಮಡಕೆಗಳಲ್ಲಿಯೂ ಹಾಗೆಯೇ ಹುಟ್ಟಬಾರದೇಕೆ? ಗುಣಗಳಲ್ಲಿ ಸಂಖ್ಯಾವ್ಯವಹಾರವು ಔಪಚಾರಿಕವೆಂದು ವೈಶೇಷಿಕರು ಸಮಾಧಾನ ಹೇಳಿದರು. 'ಇಪ್ಪತ್ತನಾಲ್ಕು ಮಡಕೆಗಳು' ಎಂಬಲ್ಲಿಯೂ 'ಇಪ್ಪತ್ತನಾಲ್ಕು ಗುಣಗಳು' ಎಂಬಲ್ಲಿಯೂ ಮಾತಿನ ಅರ್ಥದಲ್ಲಿ ನಮಗೆ ಎಳ್ಳಷ್ಟೂ ಭೇದ ತೋರದಿರುವಾಗ ಒಂದು ಮುಖ್ಯ, ಇನ್ನೊಂದು ಉಪಚಾರ ಎಂಬ ಸಮಾಧಾನವು, ನಮ್ಮ ಅಭಿಪ್ರಾಯದಲ್ಲಿ, ಸೋಲನ್ನು ಮರೆಸುವ ಪ್ರಯತ್ನವೇ ಸರಿ. ನೈಯಾಯಿಕರಲ್ಲಿಯೇ ೧೦ನೆಯ ಶತಮಾನದ ಭಾಸರ್ವಜ್ಞರು ಸಂಖ್ಯೆಯನ್ನು ಗುಣಗಳ ಪಟ್ಟಿಯಿಂದ ತೆಗೆದುಹಾಕಿ, ಏಕತ್ವವೆಂದರೆ ಅಭೇದ, ದ್ವಿತ್ವಾದಿಗಳೆಂದರೆ ಭೇದ ಎಂದು ಹೇಳುವಷ್ಟು ಧೈರ್ಯವನ್ನು ತೋರಿದರು.

ಇನ್ನೊಂದು ಬಗೆಯ ಧೈರ್ಯವು ನವದ್ವೀಪದ ರಘುನಾಥ ಶಿರೋಮಣಿಯದು. ೧೬ನೆಯ ಶತಮಾನದ ಆರಂಭದ ಈ ಬಂಗಾಳಿ ಪಂಡಿತನ 'ಪದಾರ್ಥತತ್ತ್ವನಿರೂಪಣ'ವು ಗಾತ್ರದಲ್ಲಿ ಚಿಕ್ಕದು. ಹಳೆಯ ಕಟ್ಟಡದಲ್ಲಿ ಅದು ಬಿಟ್ಟ ಗೋಡೆಗಳು ಕೆಲವೇ. ೧೯೫೭ರಲ್ಲಿ ಕಾರ್ಲ್ ಪಾಟರ್ ಅವರ ಇಂಗ್ಲಿಷ್ ಅನುವಾದವು ಪ್ರಕಟವಾದ ಮೇಲೆ ಈ ಗ್ರಂಥವು ಸಂಸ್ಕೃತವನ್ನು ಅರಿಯದವರಿಗೂ ದೊರಕುವಂತಾಯಿತು. ವಿಶೇಷವೆಂಬ ಪದಾರ್ಥವನ್ನು ರಘುನಾಥನು ನಿರಾಕರಿಸಿದನು. ಪರಮಾಣು ದ್ವ್ಯಣುಕಗಳು ಅನಾವಶ್ಯಕ, ತ್ರ್ಯಣುಕದಲ್ಲಿಯೇ ನಿಲ್ಲಬಹುದೆಂದನು. (ಹಾಗೆ ಮಾಡಿದಾಗ ಉದಯನರ ಸಂಖ್ಯಾಹೇತುವಿನ ಕಾಲಿನ ಕೆಳಗಿನ ನೆಲವೇ ಸರಿಯಿತೆಂಬುದನ್ನು ಗಮನಿಸಬೇಕು.) ಸ್ವತ್ವ, ಶಕ್ತಿ, ಕಾರಣತ್ವ, ವಿಷಯತೆ ಮೊದಲಾದುವನ್ನು ಹೊಸ ಪದಾರ್ಥಗಳೆಂದು ಸೇರಿಸಿದನು, ಅವುಗಳ ಜೊತೆಯಲ್ಲಿ ಸಂಖ್ಯೆಯನ್ನೂ. ಸಂಖ್ಯೆಯು ಗುಣವಲ್ಲ, ಗುಣಗಳಲ್ಲಿಯೂ ಸಂಖ್ಯೆಯುಂಟೆಂಬ ಜ್ಞಾನವು ನಮಗೆ ನಿರ್ಬಾಧವಾಗಿ ಆಗುತ್ತಿರುವುದರಿಂದ ಅದು ಬೇರೆಯೇ ಪದಾರ್ಥ. ಸಾವಿರ ವರ್ಷಗಳ ಸಮಾಧಾನವನ್ನು ಆತನು ಇಷ್ಟರಲ್ಲಿ ಮುಗಿಸಿಬಿಟ್ಟನು.

ಸಂಖ್ಯೆಯು ತನ್ನ ಆಶ್ರಯದಲ್ಲಿ ನೆಲಸುವ ಸಂಬಂಧವೂ ಸಮವಾಯವಲ್ಲವೆಂದು ನವ್ಯರು ತೋರಿಸಿದರು. ದ್ವಿತ್ವವು ಎರಡು ಮಡಕೆಗಳಲ್ಲಿ ಸಮವಾಯದಿಂದ ಇರುವುದಾದರೆ ಪ್ರತಿಯೊಂದರಲ್ಲಿಯೂ ಇರಬೇಕು. ಹಾಗಿದ್ದಲ್ಲಿ ಒಂದೇ ಮಡಕೆಯನ್ನು ತೋರಿಸಿ 'ಇದು ಎರಡು' ಎನ್ನುವುದು ಸರಿಯಾಗಬೇಕು. ಹಾಗೆ ಯಾರೂ ಹೇಳುವುದಿಲ್ಲ. ಆದುದರಿಂದ ದ್ವಿತ್ವವು ಎರಡರಲ್ಲಿಯೂ ಕೂಡಿ ಪೂರ್ಣವಾಗುವ, ಬಿಡಿಯಾಗಿ ಒಂದರಲ್ಲಿ ಪೂರ್ಣವಾಗದ ಬೇರೊಂದು ಸಂಬಂಧವಿರಬೇಕು. ಅದೇ 'ಪರ್ಯಾಪ್ತಿ'. 'ಇದು ಒಂದು', 'ಇವು ಎರಡು' ಎಂಬ ನಮ್ಮ ಅನುಭವವೇ ಅದಕ್ಕೆ ಸಾಕ್ಷಿ. ಲೇಖನದ ಮೊದಲಲ್ಲಿ ಎತ್ತಿದ ಪ್ರಶ್ನೆಗೆ, ಅಂದರೆ 'ಎರಡು' ಮೊದಲನೆಯದರಲ್ಲಿಯೋ ಎರಡನೆಯದರಲ್ಲಿಯೋ ಎಂಬುದಕ್ಕೆ, ಇಷ್ಟು ನೇರವಾದ ಉತ್ತರವನ್ನು ನಾವು ಬೇರೆಲ್ಲಿಯೂ ಓದಿಲ್ಲ.

ಇನ್ನು ಜರ್ಮನಿಗೆ ಬರೋಣ. ಯೇನಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕನಾಗಿದ್ದ ಗಾಟ್ಲೋಬ್ ಫ್ರೇಗೆ ೧೮೮೪ರಲ್ಲಿ ಅಂಕಗಣಿತದ ಬುನಾದಿಗಳನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದನು. ಅದರ ಪೂರ್ವಾರ್ಧವು ಇತರರ ಮತಗಳ ಖಂಡನೆ. ನಮ್ಮ ವಾದಗ್ರಂಥಗಳನ್ನು ಓದಿ ಅಭ್ಯಾಸವಾದವರಿಗೆ ಅದರಲ್ಲಿ ಒಂದು ಬಗೆಯ ಆತ್ಮೀಯತೆ ತೋರುತ್ತದೆ. ಸಂಖ್ಯೆಯು ಬಣ್ಣದಂತೆ ಹೊರಗಿನ ವಸ್ತುಗಳ ಗುಣವೆಂಬುದು ಅಲ್ಲಿಯ ಒಂದು ಪೂರ್ವಪಕ್ಷ. ೧೮೪೩ರ ತನ್ನ ತರ್ಕಗ್ರಂಥದಲ್ಲಿ ಜಾನ್ ಸ್ಟೂಅರ್ಟ್ ಮಿಲ್ ಪ್ರತಿಪಾದಿಸಿದ ಮತವು ಇದಕ್ಕೆ ಸಮೀಪವಾದುದು. ಫ್ರೇಗೆಯ ಉತ್ತರವು ಇಸ್ಪೀಟಿನ ಎಲೆಗಳ ದೃಷ್ಟಾಂತದಲ್ಲಿದೆ. ಒಂದು ಕಟ್ಟನ್ನು ಕೈಗೆ ಕೊಟ್ಟು 'ಇದರ ಸಂಖ್ಯೆಯೆಷ್ಟು?' ಎಂದರೆ ಹೇಳಲಾಗುವುದಿಲ್ಲ. ಕಟ್ಟುಗಳೆಷ್ಟು ಎಂದರೆ ಒಂದು, ಎಲೆಗಳೆಷ್ಟು ಎಂದರೆ ಐವತ್ತೆರಡು, ರಂಗುಗಳೆಷ್ಟು ಎಂದರೆ ನಾಲ್ಕು. ವಸ್ತುವು ಅದೇ, ಭಾರವೂ ಬಣ್ಣವೂ ಬದಲಾಗಿಲ್ಲ. ಬದಲಾದದ್ದು ಯಾವ ಪರಿಕಲ್ಪನೆಯ ಕೆಳಗೆ ಎಣಿಸಿದೆವೆಂಬುದು. ಆದುದರಿಂದ ಸಂಖ್ಯೆಯನ್ನು ಹೇಳುವುದೆಂದರೆ ಪರಿಕಲ್ಪನೆಯೊಂದರ ವಿಷಯವಾಗಿ ಏನನ್ನೋ ಹೇಳುವುದು.

ಕನ್ನಡ ಬಲ್ಲವನಿಗೆ ಈ ಮಾತನ್ನು ಒಪ್ಪಿಸಲು ಇಸ್ಪೀಟು ಬೇಕಾಗುವುದಿಲ್ಲ. 'ಎರಡು ಮರ' ಎನ್ನುತ್ತೇವೆ, 'ಇಬ್ಬರು ಮಕ್ಕಳು' ಎನ್ನುತ್ತೇವೆ. ಎಣಿಸತಕ್ಕದ್ದು ಯಾವ ಜಾತಿಯದೆಂಬುದನ್ನು ಸಂಖ್ಯಾವಾಚಕವೇ ತನ್ನೊಳಗೆ ಹೊತ್ತಿರುತ್ತದೆ. ಸವಾರನನ್ನೂ ಅವನ ಕುದುರೆಯನ್ನೂ ಕೂಡಿಸಿ ಎಣಿಸಬೇಕಾದಾಗ 'ಇಬ್ಬರು' ಎನ್ನಲೂ ನಾಲಗೆ ತಡೆಯುತ್ತದೆ, 'ಎರಡು' ಎನ್ನಲೂ ತಡೆಯುತ್ತದೆ. 'ಎರಡು ಜೀವ' ಎಂದು ಒಂದು ಪರಿಕಲ್ಪನೆಯನ್ನು ಮುಂದಿಟ್ಟುಕೊಂಡ ಮೇಲೆ ಮಾತು ಸರಾಗವಾಗುತ್ತದೆ. ಭಾಷೆಯ ರೂಢಿಯು ತತ್ತ್ವವನ್ನು ಸಾಧಿಸುವುದಿಲ್ಲ. ಆದರೂ ಪಾಠ ಹೇಳುವವರಿಗೆ ಇದು ಉಪಯುಕ್ತವಾದ ದೃಷ್ಟಾಂತ.

ಇನ್ನೊಂದು ಪೂರ್ವಪಕ್ಷವೆಂದರೆ ಸಂಖ್ಯೆಯು ಮನಸ್ಸಿನ ಭಾವನೆಯೆಂಬುದು. ಹಾಗಾದರೆ ನನ್ನ ಎರಡು, ನಿನ್ನ ಎರಡು, ಅವನ ಎರಡು ಎಂದು ಕೋಟ್ಯಂತರ ಎರಡುಗಳಾಗುತ್ತವೆಯೆಂದು ಫ್ರೇಗೆ ಹಾಸ್ಯ ಮಾಡಿದನು. ಅವನ ಸಿದ್ಧಾಂತದಲ್ಲಿ ಸಂಖ್ಯೆಯು ಭೂಮಧ್ಯರೇಖೆಯಂತೆ: ಅದನ್ನು ಯಾರೂ ಮುಟ್ಟಲಾರರು, ಆದರೆ ಯಾರೊಬ್ಬರ ಕಲ್ಪನೆಯೂ ಅದಲ್ಲ, ಅದು ವಾಸ್ತವವಲ್ಲ, ವಸ್ತುನಿಷ್ಠವಾದುದು. ಎರಡು ಪರಿಕಲ್ಪನೆಗಳ ಸಂಖ್ಯೆಯು ಒಂದೇ ಎಂದು ತಿಳಿಯಲು ಎಣಿಸಬೇಕಾಗಿಯೂ ಇಲ್ಲ. ಊಟದ ಪಂಕ್ತಿಯಲ್ಲಿ ಪ್ರತಿ ಎಲೆಯ ಮುಂದೆಯೂ ಒಂದೊಂದು ಲೋಟವಿದ್ದು, ಎಲೆಯಿಲ್ಲದ ಲೋಟವೂ ಲೋಟವಿಲ್ಲದ ಎಲೆಯೂ ಇಲ್ಲದಿದ್ದರೆ, ಎಷ್ಟೆಂದು ಅರಿಯದೆಯೇ ಎರಡೂ ಸಮಸಂಖ್ಯೆಯವೆಂದು ಬಲ್ಲೆವು. ಈ ಒಂದಕ್ಕೊಂದು ಹೊಂದಿಕೆಯ ಮೇಲೆ ಫ್ರೇಗೆ ತನ್ನ ಲಕ್ಷಣವನ್ನು ಕಟ್ಟಿದನು: ಒಂದು ಪರಿಕಲ್ಪನೆಯ ಸಂಖ್ಯೆಯೆಂದರೆ ಅದಕ್ಕೆ ಸಮಸಂಖ್ಯೆಯಾಗಿರುವ ಪರಿಕಲ್ಪನೆಗಳೆಲ್ಲದರ ಸಮುದಾಯ, ಅಂದರೆ 'ಅದಕ್ಕೆ ಸಮಸಂಖ್ಯೆಯಾಗಿರುವುದು' ಎಂಬುದರ ವಿಸ್ತಾರ. (ವ್ಯಾಪ್ತಿಯೆಂಬ ಮಾತನ್ನು ಇಲ್ಲಿ ಬಳಸಿದರೆ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊಂದಲವಾಗುವುದರಿಂದ ವಿಸ್ತಾರವೆಂದಿದ್ದೇವೆ.) ತನಗೆ ತಾನೇ ಸಮವಲ್ಲದ್ದು ಎಂಬ ಪರಿಕಲ್ಪನೆಯ ಕೆಳಗೆ ಯಾವುದೂ ಬರುವುದಿಲ್ಲ, ಅ ಪರಿಕಲ್ಪನೆಯ ಸಂಖ್ಯೆಯೇ ಸೊನ್ನೆ.

ಈ ಕಟ್ಟಡಕ್ಕೆ ಬಂದ ಗತಿಯು ಸುಪ್ರಸಿದ್ಧವಾಗಿದೆ. ೧೮೯೩ರಲ್ಲಿ ತನ್ನ ಮಹಾಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದ ಫ್ರೇಗೆ ಎರಡನೆಯ ಸಂಪುಟವನ್ನು ಅಚ್ಚಿಗೆ ಕೊಟ್ಟಿದ್ದಾಗ, ೧೯೦೨ನೆಯ ಜೂನ್ ೧೬ರಂದು ಬರ್ಟ್ರಂಡ್ ರಸೆಲ್ ಅವನಿಗೆ ಕಾಗದ ಬರೆದನು. ತನ್ನಲ್ಲಿ ತಾನು ಸದಸ್ಯವಾಗದಿರುವ ಸಮುದಾಯಗಳೆಲ್ಲದರ ಸಮುದಾಯವು ತನ್ನಲ್ಲಿ ತಾನು ಸದಸ್ಯವೋ ಅಲ್ಲವೋ? ಹೌದೆಂದರೆ ಅಲ್ಲವಾಗುತ್ತದೆ, ಅಲ್ಲವೆಂದರೆ ಹೌದಾಗುತ್ತದೆ. ಎಲ್ಲ ಪರಿಕಲ್ಪನೆಗಳಿಗೂ ವಿಸ್ತಾರವೊಂದುಂಟೆಂಬ ಫ್ರೇಗೆಯ ನಿಯಮವೇ ಬಿರುಕುಬಿಟ್ಟಿತು. ಒಂದು ವಾರದೊಳಗೆ, ಜೂನ್ ೨೨ರಂದು, ಅವನು ಉತ್ತರ ಬರೆದು ದೋಷವನ್ನು ಒಪ್ಪಿದನು. ೧೯೦೩ರಲ್ಲಿ ಬಂದ ಸಂಪುಟಕ್ಕೆ ಒಂದು ಅನುಬಂಧವನ್ನು ಸೇರಿಸಿ ತನ್ನ ಸೋಲನ್ನು ತಾನೇ ಪ್ರಕಟಿಸಿದನು. ಪಕ್ಷಪಾತವಿಲ್ಲದೆ ಸತ್ಯವನ್ನು ಅರಸುವ ಕಥೆಯನ್ನು ನಮ್ಮವರು 'ವಾದ' ಎನ್ನುತ್ತಾರೆ, ಗೆಲುವಿಗಾಗಿ ಮಾಡುವುದನ್ನು 'ಜಲ್ಪ' ಎನ್ನುತ್ತಾರೆ. ಫ್ರೇಗೆಯ ಅನುಬಂಧವು ಮೊದಲನೆಯದಕ್ಕೆ ಉತ್ತಮ ನಿದರ್ಶನ.

ಈಗ ಸಾಮ್ಯದ ಮಾತು. ಪರ್ಯಾಪ್ತಿಸಂಬಂಧದಿಂದ ದ್ವಿತ್ವವು ಯಾವುದರಲ್ಲಿದೆಯೋ ಅದು ಬಿಡಿ ಮಡಕೆಯಲ್ಲ, ಎರಡು ಮಡಕೆಗಳ ಕೂಟ. ಫ್ರೇಗೆಯ 'ಎರಡು' ಎಂಬುದೂ ಅಂತಹ ಕೂಟಗಳ ಮೇಲೆಯೇ ನಿಂತಿದೆ. ಇಂಗಾಲ್ಸ್ ಅವರು ಗುರುತಿಸಿದ ಹೋಲಿಕೆಯು ಇಷ್ಟರಮಟ್ಟಿಗೆ ನಿಜ. ಗುಣವೆಂಬ ಪಕ್ಷವನ್ನು ರಘುನಾಥನೂ ಫ್ರೇಗೆಯೂ ಬಿಟ್ಟ ಕಾರಣವೂ ಹೋಲುತ್ತದೆ: ಎಣಿಸಲು ಬರುವುದು ದ್ರವ್ಯಗಳನ್ನು ಮಾತ್ರವಲ್ಲ. ಆದರೆ ಫ್ರೇಗೆಗೆ ಸಂಖ್ಯೆಯು ಒಂದು ಸ್ವತಂತ್ರ ವಸ್ತು. ಅದರ ಲಕ್ಷಣದಿಂದ ಅಂಕಗಣಿತದ ನಿಯಮಗಳೆಲ್ಲ ಹೊರಡಬೇಕು. ೭ಕ್ಕೆ ೫ ಕೂಡಿದರೆ ೧೨ ಏಕೆ ಎಂಬುದು ಸಿದ್ಧವಾಗಬೇಕು. ರಘುನಾಥನು ಆ ಪ್ರಶ್ನೆಯನ್ನು ಕೇಳಲೇ ಇಲ್ಲ. 'ಇವು ಎರಡು' ಎಂಬ ಜ್ಞಾನವು ಯಥಾರ್ಥವಾಗಬೇಕಾದರೆ ಜಗತ್ತಿನಲ್ಲಿ ಏನಿರಬೇಕು ಎಂಬುದೇ ಅವನ ಪ್ರಶ್ನೆ. ಒಬ್ಬನದು ಗಣಿತದ ಬುನಾದಿಯ ಚಿಂತೆ, ಇನ್ನೊಬ್ಬನದು ಜ್ಞಾನದ ವಿಷಯದ ಚಿಂತೆ. ನಮ್ಮವರು ಮೊದಲೇ ಹೇಳಿದ್ದರೆಂಬ ಮಾತನ್ನು ಈ ಕಾರಣದಿಂದ ನಾವು ಒಪ್ಪುವುದಿಲ್ಲ. ಹಾಗೆ ಹೇಳುವುದರಿಂದ ರಘುನಾಥನ ಗೌರವವು ಹೆಚ್ಚುವುದೂ ಇಲ್ಲ.

ಕೋಟ್ಯಂತರ ಎರಡುಗಳೆಂಬ ಫ್ರೇಗೆಯ ಹಾಸ್ಯವು ವೈಶೇಷಿಕರಿಗೆ ತಗಲುತ್ತದೆಯೆ? ಮೇಲುನೋಟಕ್ಕೆ ತಗಲುತ್ತದೆ. ಎಣಿಕೆಗೊಂದು ದ್ವಿತ್ವವು ಹುಟ್ಟಿ ಅಳಿಯುವುದನ್ನು ಇವರೇ ಒಪ್ಪಿದ್ದಾರೆ. ಆದರೆ ಆ ದ್ವಿತ್ವಗಳೆಲ್ಲದರಲ್ಲಿಯೂ ಅನುಗತವಾದ ದ್ವಿತ್ವತ್ವವೆಂಬ ಸಾಮಾನ್ಯವು ಒಂದೇ, ನಿತ್ಯವಾದುದು. ಫ್ರೇಗೆ 'ಎರಡು' ಎಂದು ಕರೆದದ್ದಕ್ಕೆ ವೈಶೇಷಿಕರಲ್ಲಿ ಸರಿದೊರೆಯನ್ನು ಹುಡುಕುವುದಾದರೆ ಅದು ದ್ವಿತ್ವವಲ್ಲ, ದ್ವಿತ್ವತ್ವ. ಈ ಭೇದವನ್ನು ಗಮನಿಸದೆ, ವೈಶೇಷಿಕರು ಸಂಖ್ಯೆಯನ್ನು ಮನಃಕಲ್ಪಿತವನ್ನಾಗಿ ಮಾಡಿದರೆಂದು ಬರೆಯುವುದು ತಪ್ಪೆಂದು ನಮಗೆ ತೋರುತ್ತದೆ. ಬುದ್ಧಿಯು ಹುಟ್ಟಿಸಿದ್ದು ಬುದ್ಧಿಯೊಳಗೇ ಇರಬೇಕೆಂಬ ನಿಯಮವೇನೂ ಇಲ್ಲ. ಕುಂಬಾರನ ಬುದ್ಧಿಯು ಮಡಕೆಗೆ ಕಾರಣವಾದರೂ ಮಡಕೆಯು ನೆಲದ ಮೇಲಿರುತ್ತದೆ.

ಇತ್ತೀಚಿನ ಚರ್ಚೆಯು ಈ ಹಳೆಯ ಮತಕ್ಕೆ ಅನಿರೀಕ್ಷಿತವಾದ ಬೆಲೆಯನ್ನು ತಂದಿದೆ. ೧೯೭೩ರಲ್ಲಿ ಪಾಲ್ ಬೆನಸೆರಾಫ್ ಅವರು ಒಂದು ಉಭಯಸಂಕಟವನ್ನು ಮುಂದಿಟ್ಟರು. ಸಂಖ್ಯೆಗಳು ದೇಶಕಾಲಗಳ ಹೊರಗಿದ್ದು ಯಾವುದಕ್ಕೂ ಕಾರಣವಾಗದಿದ್ದರೆ ಗಣಿತದ ವಾಕ್ಯಗಳು ಸತ್ಯವಾಗಬಹುದು, ಆದರೆ ಅವನ್ನು ನಾವು ತಿಳಿಯುವುದು ಹೇಗೆ? ತಿಳಿಯಲು ಬರುವಂತೆ ಸಂಖ್ಯೆಗಳನ್ನು ಹತ್ತಿರಕ್ಕೆ ತಂದರೆ ಸತ್ಯವು ಎಲ್ಲಿ ನಿಲ್ಲುತ್ತದೆ? ಪೆನೆಲೊಪಿ ಮ್ಯಾಡಿ ಅವರು ೧೯೮೦ರ ಲೇಖನದಲ್ಲಿಯೂ ೧೯೯೦ರ ಗ್ರಂಥದಲ್ಲಿಯೂ ಇದಕ್ಕೆ ಕೊಟ್ಟ ಉತ್ತರವನ್ನು ಪ್ರಶಸ್ತಪಾದರು ಓದಿದ್ದರೆ ತಲೆದೂಗುತ್ತಿದ್ದರು: ಮೊಟ್ಟೆಯ ಡಬ್ಬಿಯನ್ನು ತೆರೆದವನು ಮೂರು ಮೊಟ್ಟೆಗಳ ಗಣವನ್ನು ಕಣ್ಣಿನಿಂದಲೇ ನೋಡುತ್ತಾನೆ, ಆ ಗಣವು ಮೊಟ್ಟೆಗಳಿರುವಲ್ಲಿಯೇ ಇದೆ. ಮುಂದೆ ೧೯೯೭ರ ಗ್ರಂಥದಲ್ಲಿ ಮ್ಯಾಡಿ ಅವರು ಈ ಮತವನ್ನು ಬಿಟ್ಟರು. ಸಂಖ್ಯೆಗಳೇ ಇಲ್ಲವೆಂದು ಸಾಧಿಸಲು ಹಾರ್ಟ್ರಿ ಫೀಲ್ಡ್ ಅವರು ೧೯೮೦ರಲ್ಲಿ ಮಾಡಿದ ಪ್ರಯತ್ನವೂ ಇದೇ ಸಂಕಟದಿಂದ ಪಾರಾಗುವ ದಾರಿಗಳಲ್ಲೊಂದು. ಶಾಂತರಕ್ಷಿತರ ಪಕ್ಷದವರಿಗೆ ಅದು ಹಿಡಿಸುತ್ತಿತ್ತು.

ಕೊನೆಯದಾಗಿ ಸೊನ್ನೆ. ಬ್ರಹ್ಮಗುಪ್ತರು ೬೨೮ರಲ್ಲಿಯೇ ಸೊನ್ನೆಗೂ ಋಣರಾಶಿಗಳಿಗೂ ಕೂಡುವ ಕಳೆಯುವ ನಿಯಮಗಳನ್ನು ಬರೆದಿದ್ದರು. ಆದರೆ ವೈಶೇಷಿಕರ ಸಂಖ್ಯೆಯು ಏಕತ್ವದಿಂದ ಆರಂಭವಾಗುತ್ತದೆ. ಆರಂಭವಾಗಲೇಬೇಕು, ಗುಣಕ್ಕೆ ಆಶ್ರಯ ಬೇಕು, ಸೊನ್ನೆಗೆ ಆಶ್ರಯವಾಗುವ ದ್ರವ್ಯವೇ ಇಲ್ಲ. ಪರ್ಯಾಪ್ತಿಗೂ ಇದೇ ತೊಡಕು: ಯಾವುದರಲ್ಲಿ ಕೂಡಿ ಪೂರ್ಣವಾಗಬೇಕು? 'ನೆಲದ ಮೇಲೆ ಮಡಕೆಯಿಲ್ಲ' ಎಂಬುದನ್ನು ಇವರು ಅಭಾವವೆಂಬ ಪದಾರ್ಥದಿಂದ ವಿವರಿಸಿದರೇ ಹೊರತು ಸಂಖ್ಯೆಯಿಂದಲ್ಲ. ಸೊನ್ನೆಗೆ ಲೆಕ್ಕದಲ್ಲಿ ಮನೆಯನ್ನು ಕೊಟ್ಟ ನಾಡಿನಲ್ಲಿಯೇ ವಸ್ತುವಾದಿಗಳಾದ ದಾರ್ಶನಿಕರ ಬಳಿ ಅದಕ್ಕೆ ಜಾಗವಿರಲಿಲ್ಲ. ಗಣಕರೂ ದಾರ್ಶನಿಕರೂ ಒಂದೇ ಸಂಸ್ಕೃತದಲ್ಲಿ, ಅನೇಕ ವೇಳೆ ಒಂದೇ ಊರಿನಲ್ಲಿ ಬರೆಯುತ್ತಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿದಂತೆ ಕಾಣಬರುವುದಿಲ್ಲ. ಗಣಿತದ ವ್ಯಾಖ್ಯಾನಗಳನ್ನು ಈ ದೃಷ್ಟಿಯಿಂದ ಓದುವ ಕೆಲಸವು ಆಗಬೇಕಾಗಿದೆ. ೧೬೦೦ರ ಸುಮಾರಿನಲ್ಲಿ ಕೃಷ್ಣ ದೈವಜ್ಞರು ಭಾಸ್ಕರಾಚಾರ್ಯರ ಬೀಜಗಣಿತಕ್ಕೆ ಬರೆದ ವ್ಯಾಖ್ಯಾನದಲ್ಲಿ ಋಣತ್ವವನ್ನು ದೇಶದಿಂದ, ಕಾಲದಿಂದ, ವಸ್ತುವಿನಿಂದ ಬರುವ ವೈಪರೀತ್ಯವೆಂದು ವಿವರಿಸುವುದನ್ನು ನೋಡಿದರೆ ಅಲ್ಲಿ ದೊರಕತಕ್ಕದ್ದು ಸ್ವಲ್ಪವಲ್ಲವೆಂದು ತೋರುತ್ತದೆ. ಅದಕ್ಕೂ ಬಹಳ ಹಿಂದೆ, ೮೫೦ರ ಸುಮಾರಿನಲ್ಲಿ, ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಋಣರಾಶಿಗೆ ವರ್ಗಮೂಲವಿಲ್ಲವೆಂದು ಹೇಳಿ ಅದಕ್ಕೆ ಕಾರಣವನ್ನೂ ಕೊಟ್ಟಿದ್ದಾರೆ: ಋಣವು ಸ್ವಭಾವದಿಂದಲೇ ವರ್ಗವಲ್ಲ. ಸಂಖ್ಯೆಯು ದ್ರವ್ಯದಲ್ಲಿದೆಯೋ ಬುದ್ಧಿಯಲ್ಲಿದೆಯೋ ಎಂದು ಆ ಗ್ರಂಥವು ವಿಚಾರಿಸುವುದಿಲ್ಲ. ಅದಕ್ಕೆ ಸ್ವಭಾವವೊಂದುಂಟೆಂಬುದನ್ನು ಮಾತ್ರ ಸಂದೇಹವಿಲ್ಲದೆ ಒಪ್ಪಿಕೊಂಡಿದೆ.